ಮೊದಲ ಹೆಜ್ಜೆಯ ಗುಟ್ಟು

ಸ್ವಲ್ಪ ಹತ್ತಿರ ಬನ್ನಿ. ಇನ್ನೂ ಹತ್ತಿರ. ಬಾಗಿಲು ಮುಂದೆ ಮಾಡಿ. ಈಗ ಹೇಳುವುದು ನಿಮ್ಮ ಕಿವಿಗೆ ಮಾತ್ರ. ಗಂಡನಿಗೂ ಹೇಳಬೇಡಿ, ಗಂಡಸರ ಹೊಟ್ಟೆಯಲ್ಲಿ ಮಾತು ಸಂಜೆತನಕ ಉಳಿಯುವುದಿಲ್ಲ. ಮಕ್ಕಳು ಕೂತಿದ್ದರೆ ಕೂತಿರಲಿ, ಅವರು ಕೇಳಬೇಕಾದದ್ದೇ. ಆದರೆ ಅವರೂ ತಲೆ ಮುಟ್ಟಿ ಆಣೆ ಮಾಡಲಿ. ಫೋನಿನಲ್ಲಿ ಓದುವವರು ಓದಿ ಅಳಿಸಿಬಿಡಿ. ಮುಂದಕ್ಕೆ ಕಳಿಸಲೇಬೇಕು ಅಂತ ಬೆರಳು ತುರಿಸಿದರೆ, ನನ್ನ ಹೆಸರು ತೆಗೆದು ಕಳಿಸಿ. ಇದರಲ್ಲಿ ಬರುವವರ ಹೆಸರನ್ನೆಲ್ಲ ನಾನು ಆಗಲೇ ಬದಲಾಯಿಸಿದ್ದೇನೆ. ನಾನೇನು ಅಷ್ಟು ಕೆಟ್ಟವಳಲ್ಲ.

ನಮ್ಮದು ಮಂಡಕ್ಕಿ ಭಟ್ಟಿ ಓಣಿ. ಓಣಿ ತುಂಬ ಭಟ್ಟಿಗಳು. ಭತ್ತದ ಹೊಟ್ಟಿನ ಬೆಂಕಿಯ ಮೇಲೆ ಮರಳಿನ ಬಾಣಲೆ, ಕಾದ ಮರಳಿಗೆ ಅಕ್ಕಿ ಬಿದ್ದರೆ ಮಂಡಕ್ಕಿ. ಒಣಗಲು ಹಾಕಿದ ಬಿಳಿ ಸೀರೆ ಸಂಜೆಗೆ ಬೂದಿ ಬಣ್ಣ. ಅಲ್ಲಿ ಜರಡಿ ಹಿಡಿಯುವವರು, ಮೊರ ಹಿಡಿಯುವವರು ಎಲ್ಲ ಹೆಂಗಸರೇ. ಮೊದಲು ಕೂಸುಗಳನ್ನು ಗೋಣಿಚೀಲದ ಮೇಲೆ ಕೂರಿಸಿ ಭಟ್ಟಿಯ ಪಕ್ಕದಲ್ಲೇ ಇಟ್ಟುಕೊಳ್ಳುತ್ತಿದ್ದರು. ಒಂದು ಕೂಸು ತೆವಳಿಕೊಂಡು ಹೋಗಿ ಬಿಸಿ ಮರಳಿಗೆ ಕೈ ಹಾಕಿತು. ಆಮೇಲೆ ಯಾವುದೋ ಸಂಸ್ಥೆಯವರು ಬಂದು, ಹಗಲು ಕೂಸುಗಳನ್ನು ನೋಡಿಕೊಳ್ಳಲು ಒಂದು ಕೂಸಿನ ಮನೆ ತೆಗೆದರು.

ತೆಗೆದದ್ದು ಎಲ್ಲಿ? ನನ್ನ ಮನೆಯ ಇನ್ನರ್ಧ ಭಾಗದಲ್ಲಿ. ಒಂದೇ ಸೂರು, ನಡುವೆ ಒಂದು ಗೋಡೆ. ಆ ಗೋಡೆ ಹೆಂಚಿನ ತನಕ ಏರಿಲ್ಲ. ಮೇಲೆ ಎರಡು ಗೇಣು ಸಂದು. ಅಲ್ಲಿ ಆಡಿದ ಮಾತು ಆ ಸಂದಿನಿಂದ ದಾಟಿ ಬಂದು ನನ್ನ ಮೊರದೊಳಗೆ ಬೀಳುತ್ತದೆ. ಕದ್ದು ಕೇಳುವ ಚಾಳಿ ನನಗಿಲ್ಲ. ಸರಿಯಾಗಿ ಕೇಳಿಸದಿದ್ದ ದಿನ ಮಾತ್ರ ಸ್ಟೂಲು ಹಾಕಿಕೊಳ್ಳುತ್ತೇನೆ.

ಕೂಸಿನ ಮನೆಯ ಆಯಾ ಕೆಂಚಮ್ಮ. ಗಂಡ ತೀರಿಕೊಂಡು ಬಹಳ ಕಾಲವಾಯಿತು. ಮಕ್ಕಳಿಲ್ಲ ಅಂತ ಓಣಿಗೆಲ್ಲ ಗೊತ್ತು. ಸೀಮಂತಕ್ಕೆ ಕರೆಯಲು ಹೋದಾಗ ಅವಳ ಬಾಗಿಲು ಬಿಟ್ಟು ಮುಂದಿನ ಬಾಗಿಲಿಗೆ ಹೋಗುವವರು ನಾವು. ಆದರೆ ಕೂಸುಗಳನ್ನು ಮಾತ್ರ ಅವಳ ಕೈಗೇ ಕೊಡುವುದು. ನಮ್ಮ ನ್ಯಾಯ ಹಾಗಿದೆ.

ಆ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಗೋಡೆಯ ಮೇಲೆ ಬರೆದದ್ದಲ್ಲ. ಕೂಸು ಅಲ್ಲಿ ಮೊದಲ ಹೆಜ್ಜೆ ಇಟ್ಟರೆ, ಮೊದಲ ಮಾತು ಆಡಿದರೆ, ಕೆಂಚಮ್ಮ ತಾಯಿಗೆ ಹೇಳುತ್ತಿರಲಿಲ್ಲ. ಸಂಜೆ ತಾಯಿ ಬಂದು ಕೂಸನ್ನು ಎತ್ತಿಕೊಂಡು ಹೋಗುವಳು. ಮನೆಯಲ್ಲಿ ಕೂಸು ಹೆಜ್ಜೆ ಇಡುವುದು. ತಾಯಿ ಕೂಗಿಕೊಳ್ಳುವಳು, ಅಕ್ಕಪಕ್ಕದವರು ಓಡಿ ಬರುವರು, ಯಾರೋ ಕೂಸಿನ ಬಾಯಿಗೆ ಸಕ್ಕರೆ ಹಾಕುವರು. ಮರುದಿನ ಬೆಳಿಗ್ಗೆ ಆ ತಾಯಿ ಓಡೋಡಿ ಬಂದು, "ಕೆಂಚಮ್ಮಕ್ಕಾ, ನಮ್ಮದು ನಿನ್ನೆ ನಡೀತು!" ಅನ್ನುವಳು.

ಕೆಂಚಮ್ಮ ಕೆನ್ನೆಗೆ ಕೈ ಇಟ್ಟುಕೊಂಡು, "ಹೌದೇನೇ! ನಿಜವಾಗ್ಲೂ? ಎಷ್ಟು ಹೆಜ್ಜೆ?" ಅನ್ನುವಳು.

ಆ ಕೂಸು ಹಿಂದಿನ ದಿನವೇ ಜೋಲಿಗಳ ಮಧ್ಯೆ ಓಡಾಡಿ ಗಂಜಿಯ ಪಾತ್ರೆ ಉರುಳಿಸಿದ್ದು ನನಗೆ ಗೊತ್ತು. ಇಷ್ಟೊಂದು ಸುದ್ದಿ ಈ ಹೆಂಗಸಿನ ಹೊಟ್ಟೆಯಲ್ಲಿ ಹೇಗೆ ನಿಲ್ಲುತ್ತದೋ ಅಂತ ನನಗೆ ಆಶ್ಚರ್ಯ. ನನಗಾದರೆ ಉಬ್ಬಸ ಬರುತ್ತಿತ್ತು.

ಇನ್ನೊಬ್ಬಳು ಇದ್ದಾಳೆ, ಅಂಬುಜಾಕ್ಷಿ ಮೇಡಂ. ಕೂಸಿನ ಮನೆಗಳ ಮೇಲ್ವಿಚಾರಕಿ. ಅವಳ ಸ್ಕೂಟರಿನ ಸದ್ದು ಓಣಿಯ ತುದಿಯಲ್ಲಿ ಕೇಳಿದರೆ ಕೆಂಚಮ್ಮ ಸೌಟು ಬಿಟ್ಟು ಕಪಾಟು ಒರೆಸಲು ಓಡುತ್ತಿದ್ದಳು. ಮೇಡಂ ಬಂದವಳೇ ಪಾತ್ರೆಯ ಮುಚ್ಚಳ ಎತ್ತುವಳು, ಕಪಾಟಿನ ಮೇಲೆ ಬೆರಳು ಎಳೆದು ಧೂಳು ನೋಡುವಳು, "ಏ ಆಯಾ, ಈ ಕೂಸು ಯಾಕೆ ತೂಕ ಇಳಿದೈತೆ? ನೀನು ತಿಂತೀಯೋ ಕೂಸುಗಳು ತಿಂತಾವೋ?" ಅಂತ ಬೈಯುವಳು. ಸುಳ್ಳು ಯಾಕೆ ಹೇಳಲಿ, ಅವಳು ಬಂದ ದಿನ ನನಗೆ ನಾಟಕ ನೋಡಿದಷ್ಟು ಸಂತೋಷ.

ಒಂದು ಸಲ ಮೇಡಂ ಬಹಳ ದಿನ ಬರಲಿಲ್ಲ. ತರಬೇತಿಗೆ ಹೋಗಿದ್ದಾಳೆ ಅಂದರು. ಇಷ್ಟು ವಯಸ್ಸಿಗೆ ಎಂಥ ತರಬೇತಿ? ಎಲ್ಲೋ ತಪ್ಪು ಮಾಡಿ ಸಿಕ್ಕಿಬಿದ್ದಿರಬೇಕು ಅಂತ ನಾನು ಹೇಳಿದೆ. ಓಣಿ ಒಪ್ಪಿತು.

ತಿರುಗಿ ಬಂದವಳು ಬೇರೆಯೇ ಆಗಿ ಬಂದಳು. ಗುರುವಾರ ಮಧ್ಯಾಹ್ನ, ಕೂಸುಗಳು ಮಲಗಿದ ಹೊತ್ತು. ಮುಂಬಾಗಿಲು ಎಳೆದುಕೊಂಡಳು. ಚಾಪೆ ಹಾಸಿದ ಸದ್ದು. ಗಂಜಿ ಹಾಕಿದ ಗರಿಗರಿ ಸೀರೆ ಉಟ್ಟ ಮೇಡಂ ಚಾಪೆಯ ಮೇಲೆ ಕೂತಳು! ಕೂತು, "ಕೆಂಚಮ್ಮ, ಹೇಗಿದ್ದೀರಿ?" ಅಂದಳು.

ನನ್ನ ಮೊರ ಅಲ್ಲೇ ನಿಂತಿತು. 'ಏ ಆಯಾ' ಹೋಗಿ 'ಕೆಂಚಮ್ಮ' ಆಗಿದೆ. 'ನೀನು' ಹೋಗಿ 'ನೀವು' ಆಗಿದೆ. ಇದು ಒಳ್ಳೆಯದಕ್ಕಲ್ಲ ಅಂತ ನನಗೂ ಅನಿಸಿತು, ಕೆಂಚಮ್ಮನಿಗೂ ಅನಿಸಿತು.

"ತೂಕದ ಮೆಷಿನ್ನು ನಾನು ಒಡೆದಿಲ್ಲ ಮೇಡಂ," ಅಂದಳು ಕೆಂಚಮ್ಮ.

"ಅದನ್ನ ಕೇಳಲಿಲ್ಲ. ನಿಮಗೆ ಈ ವಾರ ಹೇಗಿತ್ತು?"

"ಹೆಸರುಕಾಳು ಒಂದು ಹಿಡಿ ಕಮ್ಮಿ ಬಂದಿದ್ದು ಇಲಿ ತಿಂದು."

ಮೇಡಂ ಸುಮ್ಮನಿದ್ದಳು. ಸುಮ್ಮನಿರುವುದನ್ನೇ ತರಬೇತಿಯಲ್ಲಿ ಕಲಿಸಿದ್ದರೋ ಏನೋ. ಬೈಗುಳ ಕೇಳಿ ಅಭ್ಯಾಸವಿದ್ದ ಕೆಂಚಮ್ಮನಿಗೆ ಆ ಮೌನ ತಡೆಯಲಾಗಲಿಲ್ಲ.

"ಇಲಿ ಅಲ್ಲ ಮೇಡಂ. ನಾನೇ ಒಯ್ದೆ. ಒಂದೇ ಹಿಡಿ. ಮೊಳಕೆ ಬಂದಿತ್ತು, ಕೆಡ್ತಿತ್ತು. ಒಂದು ತಟ್ಟೇನೂ ನಮ್ಮನೇಲೈತೆ, ನಾಳೆ ತರ್ತೀನಿ."

ನಾನು ಈಚೆ ಸೆರಗು ಕಚ್ಚಿಕೊಂಡು ನಗು ತಡೆದೆ. ಆಚೆ ಮೇಡಂ ನಕ್ಕೇಬಿಟ್ಟಳು.

"ತಪಾಸಣೆ ಸೋಮವಾರ ಮಾಡ್ತೀನಿ ಕೆಂಚಮ್ಮ, ತಟ್ಟೆ ಅವತ್ತು ಎಣಿಸ್ತೀನಿ. ಗುರುವಾರ ನಿಮ್ಮ ಮಾತು. ಇಷ್ಟು ಕೂಸುಗಳನ್ನ ಎತ್ತಿಕೊಳ್ಳೋ ಹೊತ್ತಿಗೆ ನಿಮ್ಮೊಳಗೆ ಏನಾಗುತ್ತೆ, ಅದನ್ನ ಕೇಳೋಕೆ ಬರ್ತೀನಿ. ತರಬೇತೀಲಿ ನನ್ನನ್ನೂ ಹಿಂಗೇ ಕೂರಿಸಿ ಕೇಳಿದ್ರು. ನಾನು ಎಷ್ಟು ಕೂಸು, ಎಷ್ಟು ತೂಕ ಅಂತ ಎಲ್ಲ ಒಪ್ಪಿಸಿದೆ. ಅವರು ಕೇಳಿ, 'ಇದು ಕೆಲಸದ ಮಾತಾಯ್ತು, ನೀವು?' ಅಂದ್ರು. ಇಷ್ಟು ವರ್ಷದ ನೌಕರೀಲಿ ಆ ಮಾತು ಯಾರೂ ಕೇಳಿರಲಿಲ್ಲ."

"ನಾನು ಚೆನ್ನಾಗಿದ್ದೀನಿ ಮೇಡಂ," ಅಂದಳು ಕೆಂಚಮ್ಮ. ಅವತ್ತು ಅಷ್ಟೇ. ಮುಂದಿನ ಗುರುವಾರವೂ ಅಷ್ಟೇ. ಮೇಡಂ ಕೂರುವಳು, ಕೇಳುವಳು, ಕಾಯುವಳು, ಹೋಗುವಳು.

ಓಣಿಯಲ್ಲಿ ಸುದ್ದಿಯಾಯಿತು. ಬಾಗಿಲು ಹಾಕಿಕೊಂಡು ಇಬ್ಬರೂ ಹೆಸರುಕಾಳು ಪಾಲು ಮಾಡಿಕೊಳ್ಳುತ್ತಾರಂತೆ ಅಂತ. ನಾನು ಎದುರುಮನೆಯವಳಿಗೆ ಒಬ್ಬಳಿಗೆ ಹೇಳಿದ್ದು. ಉಳಿದವರಿಗೆ ಹೇಗೆ ಗೊತ್ತಾಯಿತೋ ಆ ದೇವರೇ ಬಲ್ಲ.

ಈಗ ಮುಖ್ಯದ ಮಾತು. ಬಾಗಿಲು ಹಾಕಿದೆ ತಾನೆ?

ಭಟ್ಟಿಯಲ್ಲಿ ಜರಡಿ ಹಿಡಿಯುವ ದಿಲ್‌ಶಾದ್ ಅಂತ ಒಬ್ಬಳು ಹುಡುಗಿ. ಚೊಚ್ಚಲ ಕೂಸು, ಹೆಸರು ಮುಬೀನಾ. ಎಲ್ಲರೂ ಮುಬ್ಬಿ ಅನ್ನುತ್ತಿದ್ದರು. ಗುಂಗುರು ಕೂದಲು, ಮೂಗಿನ ಕೆಳಗೆ ಯಾವಾಗಲೂ ಗಂಜಿಯ ಮೀಸೆ. ಕೆಂಚಮ್ಮನ ಕಿವಿಯ ಹಾಲೆ ಹಿಡಿದುಕೊಳ್ಳದೆ ಮಲಗುತ್ತಿರಲಿಲ್ಲ. ಕೆಂಚಮ್ಮ ಅದಕ್ಕಾಗಿ ಓಲೆ ಬಿಚ್ಚಿಟ್ಟು ಬರುತ್ತಿದ್ದಳು.

ಒಂದು ಮಧ್ಯಾಹ್ನ ಗೋಡೆಯಾಚೆ ಕೆಂಚಮ್ಮ ಕೂಗಿಕೊಂಡಳು. ನಾನು ಹಾವು ಬಂತೇನೋ ಅಂದುಕೊಂಡೆ. ಸ್ಟೂಲು ಹತ್ತಿ ನೋಡಿದರೆ ಮುಬ್ಬಿ ನಡೆಯುತ್ತಿದ್ದಾಳೆ. ತೂರಾಡಿಕೊಂಡು ಕೆಂಚಮ್ಮನ ಕಡೆಗೇ ಬಂದು ಮಡಿಲಿಗೆ ಬಿದ್ದಳು. ಬಿದ್ದು, "ಅವ್ವ" ಅಂದಳು. ಅಲ್ಲಿ ಬೇರೆ ಕೂಸುಗಳೆಲ್ಲ ತಮ್ಮ ತಾಯಂದಿರನ್ನು ಅವ್ವ ಅನ್ನುತ್ತವೆ, ಕೇಳಿ ಕಲಿತಿದ್ದಾಳೆ.

ಸಂಜೆ ದಿಲ್‌ಶಾದ್ ಬಂದಳು. ಹುಬ್ಬಿನ ಮೇಲೆ ಬೂದಿ, ಕೈ ಎರಡೂ ಮುಂದೆ ಚಾಚಿಕೊಂಡೇ ಬಂದಳು. ಬೇರೆ ತಾಯಂದಿರೂ ಬಾಗಿಲಲ್ಲಿ ನಿಂತಿದ್ದರು. ಕೆಂಚಮ್ಮ ಯಾವತ್ತೂ ಬಾಯಿ ಬಿಡದವಳು ಅವತ್ತು ಬಿಟ್ಟಳು.

"ದಿಲ್‌ಶಾದ್! ನಿನ್ನ ಮಗಳು ನಡೆದಳು ಕಣೇ! ನನ್ನ ಕಡೇಗೇ ನಡೆದಳು! ನನ್ನನ್ನ ಅವ್ವ ಅಂದಳು!"

ದಿಲ್‌ಶಾದಳ ಕೈ ಚಾಚಿದ್ದು ಚಾಚಿದಂತೆಯೇ ಇತ್ತು. ಮುಬ್ಬಿ ತಾಯಿಯನ್ನು ನೋಡಿ, ಮುಖ ತಿರುಗಿಸಿ ಕೆಂಚಮ್ಮನ ಕುತ್ತಿಗೆಯಲ್ಲಿ ಹುದುಗಿಸಿಕೊಂಡಳು. ಕೂಸುಗಳು ಆಟಕ್ಕೆ ಹಾಗೆ ಮಾಡುತ್ತವೆ. ಆದರೆ ಅವತ್ತು ಮಾಡಬಾರದಿತ್ತು. ದಿಲ್‌ಶಾದ್ ಒಂದೊಂದೇ ಬೆರಳು ಬಿಡಿಸಿ ಮಗಳನ್ನು ಎತ್ತಿಕೊಂಡಳು. "ಹೌದಾ ಅಕ್ಕಾ," ಅಂದಳು. ಅಷ್ಟೇ ಅಂದಳು. ಜಗಳ ಮಾಡಿದ್ದರೆ ಚೆನ್ನಾಗಿರುತ್ತಿತ್ತು.

ಮರುದಿನದಿಂದ ಮುಬ್ಬಿ ಬರಲಿಲ್ಲ. ದಿಲ್‌ಶಾದ್ ಮಗಳನ್ನು ಭಟ್ಟಿಗೇ ಒಯ್ದಳು. ಕೂಸಿನ ಸೊಂಟಕ್ಕೆ ತಾನು ಹೊದ್ದು ಹಳತಾದ ಓಢಣಿಯ ಒಂದು ತುದಿ, ಕಂಬಕ್ಕೆ ಇನ್ನೊಂದು ತುದಿ. ನಡೆಯಲು ಕಲಿತ ಕೂಸು ಕಟ್ಟಿಹಾಕಿದರೆ ನಿಲ್ಲುತ್ತದೆಯೇ? ಎಳೆದು ಎಳೆದು ಬಾಣಲೆಯ ಕಡೆಗೇ ಹೋಗುತ್ತಿತ್ತು. ಗಂಟು ಬಿಚ್ಚಿದರೆ ಮುಗಿಯಿತು. ಜೊತೆಯ ಹೆಂಗಸರು ಬೈದರೆ ದಿಲ್‌ಶಾದ್, "ನನ್ನ ಕಣ್ಣೆದುರಿಗೆ ನಡೀಲಿ. ನನಗೆ ಅಷ್ಟು ಸಾಕು," ಅನ್ನುವಳು.

ಓಣಿ ಕೆಂಚಮ್ಮನ ಮೇಲೆ ಬಿತ್ತು. ಬಂಜೆಯ ಕೈಗೆ ಕೂಸು ಕೊಟ್ಟರೆ ಇನ್ನೇನಾಗುತ್ತದೆ ಅಂದರು. ಸಂಸ್ಥೆಯವರಿಗೂ ಸುದ್ದಿ ಮುಟ್ಟಿತು. ಅವಳನ್ನು ಬಿಡಿಸಿ ಬೇರೆಯವರನ್ನು ಹಾಕಿ ಅಂತ ಮೇಡಂಗೆ ಫೋನು ಬಂತಂತೆ. ಕೆಂಚಮ್ಮ ಯಾರ ಮುಖವನ್ನೂ ನೋಡದೆ ಗಂಜಿ ಕಲಸುತ್ತಿದ್ದಳು. ಕೆಲಸ ಹೋದರೆ ಅವಳಿಗೆ ಬೇರೆ ದಿಕ್ಕಿಲ್ಲ. ಕೂಸುಗಳಿಲ್ಲದ ಮನೆಗೆ ಹಗಲೆಲ್ಲ ಹೋಗಿ ಕೂರಬೇಕು.

ಗುರುವಾರ ಬಂತು. ನಾನು ಬೇಗ ಊಟ ಮಾಡಿ ಸ್ಟೂಲು ಒರೆಸಿಟ್ಟುಕೊಂಡೆ. ಇವತ್ತು ಹಳೆಯ ಅಂಬುಜಾಕ್ಷಿಯನ್ನು ನೋಡಬಹುದು ಅಂತ ಆಸೆ.

ಸ್ಕೂಟರು ನಿಂತಿತು. ಮೇಡಂ ಹೊಸಿಲಲ್ಲೇ ಬಹಳ ಹೊತ್ತು ನಿಂತಳು. ಉಸಿರು ದಪ್ಪಗೆ ಬಿಡುತ್ತಿದ್ದಳು, ಸಿಟ್ಟಿತ್ತು. "ಕೆಂಚಮ್ಮ," ಅಂದಳು, ಧ್ವನಿ ಹಳೆಯದೇ. ಆಹಾ, ಶುರುವಾಯಿತು ಅಂದುಕೊಂಡೆ. ಆದರೆ ಮುಂದಿನ ಮಾತು ಬರಲಿಲ್ಲ. ಅವಳು ನುಂಗಿಕೊಂಡಳು. ಆಮೇಲೆ ಚಾಪೆ ಹಾಸಿದ ಸದ್ದು ಕೇಳಿಸಿತು.

"ಕೂತ್ಕೊಳ್ಳಿ. ಈ ಮನೇಲಿ ಎಷ್ಟೋ ಕೂಸು ನಡೆದಾವೆ. ಒಂದರದ್ದೂ ನೀವು ಬಾಯಿ ಬಿಟ್ಟಿಲ್ಲ. ಈ ಕೂಸು ನಡೆದಾಗ ನಿಮಗೇನಾಯ್ತು?"

ಜೋಲಿಯ ಹಗ್ಗ ಕಿರುಗುಟ್ಟುತ್ತಿತ್ತು. ಯಾವುದೋ ಕೂಸು ನಿದ್ದೆಯಲ್ಲಿ ಬೆರಳು ಚೀಪಿತು. ಸ್ಟೂಲಿನ ಮೇಲೆ ನಿಂತ ನನ್ನ ಮಂಡಿ ನೋಯಲು ಶುರುವಾಯಿತು. ಏನಾದರೂ ಅನ್ನೇ ಮಹಾರಾಯ್ತಿ ಅಂತ ನಾನು ಈಚೆ ಒದ್ದಾಡುತ್ತಿದ್ದರೆ, ಆಚೆ ಮೇಡಂ ಆ ಮೌನದಲ್ಲಿ ಹೆಂಚಿನ ಕೆಳಗಿನ ತೊಲೆಯ ಹಾಗೆ ಕೂತಿದ್ದಳು. ಕೆಮ್ಮಲಿಲ್ಲ. ಗಡಿಯಾರ ನೋಡಲಿಲ್ಲ. 'ಇರಲಿ ಬಿಡಿ' ಅನ್ನಲಿಲ್ಲ.

ಕೊನೆಗೆ ಕೆಂಚಮ್ಮ ಅಂದಳು:

"ನನಗೊಬ್ಬ ಮಗ ಅದಾನೆ ಮೇಡಂ."

ನಾನು ಸ್ಟೂಲಿನಿಂದ ಬೀಳದೆ ಉಳಿದದ್ದು ನನ್ನ ಪುಣ್ಯ. ಮಗ! ಕೆಂಚಮ್ಮನಿಗೆ! ಯಾರಿಗೆ ಹುಟ್ಟಿದ್ದು, ಎಲ್ಲಿ ಬಚ್ಚಿಟ್ಟಿದ್ದಾಳೆ? ನನ್ನ ಆಯಸ್ಸಿನಲ್ಲಿ ಇಂಥ ಸುದ್ದಿ ಈ ಓಣಿಗೆ ಬಂದಿರಲಿಲ್ಲ. ಬಾಯಲ್ಲಿ ನೀರೂರಿತು.

"ನಮ್ಮಕ್ಕನಿಗೆ ಮಕ್ಕಳಾಗಲಿಲ್ಲ. ಭಾವ ಇನ್ನೊಂದು ಮದುವೆ ಆಗ್ತೀನಿ ಅಂತ ಕುಣೀತಿದ್ದ. ನಮ್ಮವ್ವ ನನ್ನ ಬಾಣಂತಿ ಮಂಚದ ಕಾಲಿನ ಹತ್ತಿರ ಕೂತು ಅತ್ತಳು. ನೀನಿನ್ನೂ ಚಿಕ್ಕವಳು, ನಿನಗೆ ಮತ್ತೆ ಆಗ್ತಾವೆ, ಇದನ್ನ ಅಕ್ಕನಿಗೆ ಕೊಡು ಅಂದಳು. ಹಲ್ಲು ಬರೋ ತನಕ ಇಟ್ಕೊಂಡಿದ್ದು ಕೊಟ್ಟೆ. ಆಮೇಲೆ ಈ ಊರಿಗೆ ಬಂದ್ವಿ. ಮತ್ತೆ ಆಗಲಿಲ್ಲ ಮೇಡಂ."

ಮೇಡಂ ಅಯ್ಯೋ ಪಾಪ ಅನ್ನಲಿಲ್ಲ. ಕಾದಳು.

"ಅವನಿಗೆ ಗೊತ್ತಿಲ್ಲ. ದೊಡ್ಡವನಾಗಿದಾನೆ. ಹಬ್ಬಕ್ಕೆ ಅಕ್ಕನ ಜತೆ ಬರ್ತಾನೆ, ನಮ್ಮನೇಲಿ ಊಟ ಮಾಡ್ತಾನೆ. 'ಚಿಕ್ಕವ್ವಾ, ಹೋಗ್ಬರ್ತೀನಿ' ಅಂತಾನೆ. ಅವನು ಹೋದ ಮೇಲೆ ಆ ತಟ್ಟೆ ಸಂಜೆ ತನಕ ತೊಳೆಯಲ್ಲ ನಾನು."

ಮತ್ತೆ ಹೇಳಿದಳು. "ಅವನು ಮೊದಲು ನಡೆದ ದಿನ ಅಕ್ಕ ಹೇಳಿ ಕಳಿಸಿದ್ಲು. ನಡೆದ, ನನ್ನ ಕಡೇಗೇ ನಡೆದ, ನನ್ನನ್ನ ಅವ್ವ ಅಂದ ಅಂತ. ಖುಷಿಗೇ ಹೇಳಿ ಕಳಿಸಿದ್ಲು, ಕೆಟ್ಟವಳಲ್ಲ. ನಾನು ಬಾವೀಲಿ ನೀರು ಸೇದ್ತಿದ್ದೆ. ಕೈಯಾಗಿನ ಹಗ್ಗ ಬಿಟ್ಟುಬಿಟ್ಟೆ. ಕೊಡ ಬಾವಿಗೆ ಬಿತ್ತು. ಆ ಸದ್ದು ಇವತ್ತಿಗೂ ಕಿವೀಲಿ ಐತೆ. ಅದಕ್ಕೇ ಇಲ್ಲಿಗೆ ಸೇರಿದ ದಿನಾನೇ ಆಣೆ ಮಾಡ್ಕೊಂಡೆ, ಯಾವ ತಾಯಿಗೂ ಈ ಮಾತು ನನ್ನ ಬಾಯಿಂದ ಹೋಗಬಾರದು ಅಂತ. ಈ ಕಟ್ಟಳೆ ನನಗೆ ಯಾರೂ ಹೇಳಿಕೊಟ್ಟದ್ದಲ್ಲ."

"ಮುಬ್ಬಿ ನಡೆದಾಗ?"

"ಮುಬ್ಬಿ ಕಿವಿ ಹಿಡ್ಕೊಂಡು ಮಲಗ್ತಾಳೆ. ಅವನೂ ಹಂಗೇ ಹಿಡೀತಿದ್ದ." ಕೆಂಚಮ್ಮ ತನ್ನ ಕಿವಿಯ ಹಾಲೆ ಮುಟ್ಟಿಕೊಂಡಳು. "ಅವತ್ತು ನನಗೆ ಮುಬ್ಬಿ ಕಾಣಲೇ ಇಲ್ಲ ಮೇಡಂ. ನನ್ನ ಮಗ ನಡಕೊಂಡು ಬಂದ."

ಅವಳು ಅತ್ತಳು. ಕೂಸುಗಳು ಏಳಬಾರದು ಅಂತ ಬಾಯಿಗೆ ಸೆರಗು ತುರುಕಿಕೊಂಡು ಅಳುವ ಅಳು ಅದು. ಮೇಡಂ ತಡೆಯಲಿಲ್ಲ. ಅದು ಇಳಿದ ಮೇಲೆ, ಮೆಲ್ಲಗೆ ಒಂದೇ ಮಾತು ಕೇಳಿದಳು:

"ಆ ಸಂಜೆ ದಿಲ್‌ಶಾದ್‌ಗೆ ಏನು ಕೇಳಿಸಿರಬೇಕು ಕೆಂಚಮ್ಮ?"

ಕೆಂಚಮ್ಮ ಮೂಗು ಒರೆಸಿಕೊಂಡಳು. ಆಮೇಲೆ ಅಂದಳು:

"ಕೊಡ ಬಿದ್ದ ಸದ್ದು."

ನನ್ನ ಬಾಯಲ್ಲಿ ಊರಿದ ನೀರು ಆರಿಹೋಗಿತ್ತು.

"ಈಗ ಏನು ಮಾಡಬೇಕು ಮೇಡಂ?"

"ನನಗೆ ಗೊತ್ತಿಲ್ಲ. ಕೂಸುಗಳನ್ನ ನಾನು ನೋಡ್ಕೋತೀನಿ. ನೀವು ಭಟ್ಟಿಗೆ ಹೋಗಿ ಬನ್ನಿ."

ಕೆಂಚಮ್ಮ ಹೊರಟಳು. ಮಂಡಕ್ಕಿ ತರುವ ನೆಪದಲ್ಲಿ ಖಾಲಿ ಚೀಲ ಹಿಡಿದು ನಾನೂ ಹಿಂದೆಯೇ ಹೊರಟೆ. ಮನೆಯಲ್ಲಿ ಮಂಡಕ್ಕಿ ಡಬ್ಬಿ ತುಂಬ ಇತ್ತು, ಅದು ಬೇರೆ ಮಾತು.

ಭಟ್ಟಿಯಲ್ಲಿ ಹೊಗೆ. ಮುಬ್ಬಿ ಕಂಬಕ್ಕೆ ಕಟ್ಟಿದ ಓಢಣಿ ಬಿಗಿಯಾಗುವ ತನಕ ಎಳೆದುಕೊಂಡು ನಿಂತಿದ್ದಳು. ಕೆಂಚಮ್ಮನನ್ನು ಕಂಡದ್ದೇ ಎರಡೂ ಕೈ ಎತ್ತಿ, "ಅವ್ವ!" ಅಂದಳು.

ಮಕ್ಕಳೇ, ಇಲ್ಲಿ ನೋಡಿ. ಅಷ್ಟು ವರ್ಷದಿಂದ ಯಾವ ಮಾತಿಗೆ ಹಂಬಲಿಸಿದ್ದಳೋ ಆ ಮಾತು ಎದುರಿಗೆ ಕೈ ಚಾಚಿ ನಿಂತಿದೆ. ಕೆಂಚಮ್ಮ ತನ್ನ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ನಾನು ಹಿಂದೆ ನಿಂತಿದ್ದೆನಲ್ಲ, ಆ ಬೆರಳುಗಳು ಒಂದನ್ನೊಂದು ಹೇಗೆ ಹಿಸುಕುತ್ತಿದ್ದವು ಅಂತ ನೋಡಿದವಳು ನಾನೊಬ್ಬಳೇ.

ಅವಳು ಕೂಸನ್ನು ದಾಟಿ ತಾಯಿಯ ಎದುರು ಹೋಗಿ ಕುಕ್ಕರುಗಾಲಲ್ಲಿ ಕೂತಳು.

"ದಿಲ್‌ಶಾದ್, ನಾನು ಕೂಸು ಕೇಳೋಕೆ ಬಂದಿಲ್ಲ. ಆ ಸಂಜೆ ನಿನಗೆ ಏನಾಯ್ತು ತಾಯಿ?"

ದಿಲ್‌ಶಾದ್ ತಲೆ ಎತ್ತಲಿಲ್ಲ. ಜರಡಿ ಆಡಿಸುತ್ತಲೇ ಇದ್ದಳು. ಕೆಂಚಮ್ಮ ಕಾದಳು. ಮೇಡಂ ಕಾದ ಹಾಗೆಯೇ ಕಾದಳು. ಜರಡಿ ನಿಧಾನವಾಯಿತು. ನಿಂತಿತು.

"ನಾನು ಬೆಳಿಗ್ಗೆಯಿಂದ ಇಲ್ಲಿ ಕೂತಿರ್ತೀನಿ ಅಕ್ಕಾ. ಹಾಲಿಳಿದು ಎದೆ ಒದ್ದೆ ಆದಾಗೆಲ್ಲ, ನನ್ನ ಮಗಳು ನನಗೋಸ್ಕರ ಅಳ್ತಾ ಇದಾಳೆ ಅಂದ್ಕೋತೀನಿ. ಸಂಕಟ ಆಗುತ್ತೆ. ಆದ್ರೂ ಅಷ್ಟಾದ್ರೂ ನಾನು ಅವಳಿಗೆ ಬೇಕಲ್ಲ ಅಂತ ಸಮಾಧಾನ. ನೀವು ಅವತ್ತು ಹಂಗಂದ್ರಿ. ಅವಳು ಅಳ್ತಾನೇ ಇರಲಿಲ್ಲ, ನಡೀತಾ ಇದ್ಲು ಅಂತ ಗೊತ್ತಾಯ್ತು."

"ಅಳ್ತಾಳೆ," ಅಂದಳು ಕೆಂಚಮ್ಮ. "ನೀನು ಬಿಟ್ಟು ಹೋದ ಮೇಲೆ ಬಾಗಿಲ ಕಡೆ ನೋಡ್ತಾ ಕೂತಿರ್ತಾಳೆ. ಮಲಗೋವಾಗ ಒಂದು ಕೈಲಿ ನನ್ನ ಕಿವಿ, ಇನ್ನೊಂದು ಕೈಲಿ ನೀನು ಸುತ್ತಿ ತಂದ ಈ ಓಢಣಿ. ನಿದ್ದೆ ಬಂದ ಮೇಲೆ ಕಿವಿ ಬಿಡ್ತಾಳೆ, ಓಢಣಿ ಬಿಡಲ್ಲ. ಮೂಗಿಗೆ ಒತ್ತಿ ಹಿಡ್ಕೊಂಡಿರ್ತಾಳೆ. ಒಗೆಯೋಕೆ ತಗೊಂಡ್ರೆ ಊರು ಒಂದಾಗೋ ಹಂಗೆ ಕಿರುಚ್ತಾಳೆ. ನಾನು ಮುಚ್ಚಿಡಬೇಕಾದ್ದನ್ನ ನಿನಗೆ ಹೇಳಿದೆ, ಹೇಳಬೇಕಾದ್ದನ್ನ ಮುಚ್ಚಿಟ್ಟೆ. ತಪ್ಪಾಯ್ತು."

ದಿಲ್‌ಶಾದ್ ಕಂಬದ ಓಢಣಿಯನ್ನು ನೋಡಿದಳು. ಎದ್ದು ಹೋಗಿ ಎರಡೂ ಕಡೆಯ ಗಂಟು ಬಿಚ್ಚಿದಳು. ಓಢಣಿಯನ್ನು ಮೂಗಿಗೆ ಹಿಡಿದುಕೊಂಡು ತಿರುಗಿ ಜರಡಿಯ ಪಕ್ಕ ಕೂತುಬಿಟ್ಟಳು.

ಕೆಂಚಮ್ಮ ಈಗ ಕೂಸಿನ ಹತ್ತಿರ ಹೋದಳು. ಕಂಕುಳಲ್ಲಿ ಕೈ ಕೊಟ್ಟು ನಿಲ್ಲಿಸಿ, ತಾಯಿಯ ಕಡೆ ತಿರುಗಿಸಿದಳು. "ಕರಿಯೇ ಮಗಳನ್ನ," ಅಂದಳು.

"ಮುಬ್ಬಿ. ಆ ಬೇಟಿ, ಆ," ಅಂತ ತಾಯಿ ತನ್ನ ಭಾಷೆಯಲ್ಲಿ 'ಬಾ ಮಗಳೇ' ಅಂದಳು.

ಕೆಂಚಮ್ಮ ಕೈ ಬಿಟ್ಟಳು. ಕೂಸು ನಡೆಯಿತು. ಭಟ್ಟಿಯ ಹೆಂಗಸರೆಲ್ಲ ಕೆಲಸ ನಿಲ್ಲಿಸಿದರು. ಬಾಣಲೆಯಲ್ಲಿ ಅಕ್ಕಿ ಸೀದುಹೋಯಿತು, ಮಾಲೀಕ ಒಳಗಿನಿಂದ ಬೈದ. ಯಾರೂ ಅವನ ಕಡೆ ನೋಡಲಿಲ್ಲ. ಮುಬ್ಬಿ ಹೋಗಿ ತಾಯಿಯ ಮೊಣಕಾಲು ಹಿಡಿದುಕೊಂಡಳು. ಅವರ ಮನೆಯಲ್ಲಿ ತಾಯಿಗೆ ಅನ್ನುವ ಹಾಗೆ ಅಮ್ಮಿ ಅಂದಳೇ ಅಂತ ಕೇಳುತ್ತೀರಿ. ಇಲ್ಲ, ಅನ್ನಲಿಲ್ಲ. ಜರಡಿಗೆ ಕೈ ಹಾಕಿ ಮಂಡಕ್ಕಿ ತೆಗೆದು ಬಾಯಿಗೆ ತುಂಬಿಕೊಂಡಳು. ದಿಲ್‌ಶಾದಳಿಗೆ ಅದೇ ಸಾಕಾಗಿತ್ತು.

ತಿರುಗಿ ಬಂದು ನೋಡಿದರೆ ಅಂಬುಜಾಕ್ಷಿ ಮೇಡಂ ತೊಡೆಯ ಮೇಲೆ ಎರಡು ಕೂಸು, ಭುಜಕ್ಕೆ ಒಂದು. ಗರಿಗರಿ ಸೀರೆಯ ಗರಿಯೆಲ್ಲ ಒದ್ದೆಯಾಗಿ ಇಳಿದುಹೋಗಿತ್ತು. ಸಂಸ್ಥೆಯವರಿಗೆ ಅವಳು ಏನು ಹೇಳಿದಳೋ, ಕೆಂಚಮ್ಮನ ಕೆಲಸ ಉಳಿಯಿತು.

ಮರುದಿನ ಮುಬ್ಬಿ ಬಂದಳು. ಅಂದಿನಿಂದ ಪ್ರತಿ ಸಂಜೆ ಕೆಂಚಮ್ಮ ಅವಳನ್ನು ಎತ್ತಿಕೊಂಡು ಬಾಗಿಲಲ್ಲಿ ನಿಲ್ಲುತ್ತಾಳೆ. "ಅಕೋ, ಅಮ್ಮಿ ಬಂದ್ಲು. ಅಮ್ಮಿ, ಅಮ್ಮಿ," ಅಂತ ಕೂಸಿನ ಬಾಯಿಗೆ ಆ ಮಾತು ಇಡುತ್ತಾಳೆ. ಮಧ್ಯಾಹ್ನ ಕೂಸು ಕಿವಿ ಹಿಡಿದು 'ಅವ್ವ' ಅಂದರೆ, ಅದು ಗೋಡೆಯ ಈಚೆ ನನಗೆ ಕೇಳಿಸುತ್ತದೆ. ಅವಳು ಯಾರಿಗೂ ಹೇಳುವುದಿಲ್ಲ. ಗುರುವಾರ ಮೇಡಂಗೆ ಹೇಳುತ್ತಾಳೆ, ಅಷ್ಟೇ.

ಹಬ್ಬಕ್ಕೆ ಆ ಹುಡುಗ ಬಂದ. ಕೆಂಚಮ್ಮನದೇ ಮೂಗು, ಇಷ್ಟು ದಿನ ನನ್ನ ಕಣ್ಣಿಗೆ ಏನಾಗಿತ್ತೋ. ಅವಳನ್ನು ಹುಡುಕಿಕೊಂಡು ಕೂಸಿನ ಮನೆಗೆ ಬಂದವನು ನನ್ನ ಜಗಲಿಯ ಮೇಲೆ ಕೂತು, "ಅಜ್ಜೀ, ಕುಡಿಯೋಕೆ ನೀರು ಕೊಡ್ತೀರಾ?" ಅಂದ. ಸುದ್ದಿ ನನ್ನ ತುಟಿಯ ತನಕ ಬಂತು. ಇಡೀ ಓಣಿಯಲ್ಲಿ ಇಂಥ ಸುದ್ದಿ ಯಾರ ಹತ್ತಿರವೂ ಇಲ್ಲ. ಒಳಗೆ ಹೋಗಿ ಚೊಂಬು ತುಂಬಿಸಿದೆ. ತಂದು ಅವನ ಕೈಗೆ ಕೊಟ್ಟೆ. ಅವನು ಎತ್ತಿ ಕುಡಿದ. ಆ ಗಂಟಲು ಏರಿಳಿಯುವುದನ್ನು ಆಚೆ ಬಾಗಿಲಲ್ಲಿ ನಿಂತು ಕೆಂಚಮ್ಮ ನೋಡುತ್ತಿದ್ದಳು. ಆ ನೋಟ ಕಂಡ ಮೇಲೆ ನನ್ನ ನಾಲಗೆ ಏಳಲಿಲ್ಲ. "ಇನ್ನೂ ಬೇಕೇನಪ್ಪ?" ಅಂತ ಮಾತ್ರ ಕೇಳಿದೆ.

ಮುಂದಿನ ಗುರುವಾರ ಮೇಡಂ ಹೋದ ಮೇಲೆ ಕೆಂಚಮ್ಮ ನನ್ನ ಹೊಸಿಲಿಗೆ ಬಂದಳು.

"ದೊಡ್ಡವ್ವಾ, ನಿನ್ನ ಸ್ಟೂಲಿನ ಕಾಲು ಅಲ್ಲಾಡ್ತೈತೆ. ಆಚೆಗೂ ಕೇಳಿಸ್ತೈತೆ. ಬಿದ್ದು ಸೊಂಟ ಮುರ್ಕೊಂಡೀಯ."

"ಯಾರೇ ನಿನಗೆ ಹೇಳಿದ್ದು? ನಾನು ಉಪ್ಪಿನಕಾಯಿ ಭರಣಿ ಇಳಿಸ್ತಿದ್ದೆ," ಅಂದೆ.

"ಪ್ರತಿ ಗುರುವಾರ ಇಳಿಸ್ತೀಯಲ್ಲ," ಅಂತ ನಕ್ಕಳು. ಕಾಲು ಮಡಚಿ ಹೊಸಿಲ ಮೇಲೆ ಕೂತಳು. "ಹೇಗಿದ್ದೀ ದೊಡ್ಡವ್ವಾ?"

"ನನಗೇನೇ? ಆ ಎದುರುಮನೆಯವಳ ಸೊಸೆ ನೋಡು, ನಿನ್ನೆ..."

"ಅವಳನ್ನ ಕೇಳಲಿಲ್ಲ. ನಿನ್ನನ್ನ ಕೇಳಿದ್ದು."

ಹಾಗಂದು ಕೂತಳು. ಕಾಯುತ್ತಾ ಕೂತಳು. ನಾನು ಮೊರ ತೆಗೆದುಕೊಂಡೆ, ಅಕ್ಕಿ ಆರಿಸಿದೆ. ಕಲ್ಲು ಯಾವುದು ಅಕ್ಕಿ ಯಾವುದು ಕಾಣಿಸಲಿಲ್ಲ. ದೀಪ ಹಚ್ಚುವ ಹೊತ್ತಾದ ಮೇಲೆ ಅವಳು ಎದ್ದು ಹೋದಳು.

ನೀತಿ

ಕೂಸನ್ನು ಎತ್ತಿಕೊಳ್ಳುವವಳ ಎದೆಯಲ್ಲೂ ಎತ್ತಿಕೊಳ್ಳುವವರಿಲ್ಲದ ಒಂದು ಕೂಸು ಇರುತ್ತದೆ. ಅವಳ ತಪ್ಪನ್ನು ಎಣಿಸುವ ಮೊದಲು ಅವಳನ್ನು ಕೂರಿಸಿ, ನಿನಗೇನಾಯಿತು ಅಂತ ಕೇಳಬೇಕು. ಕೇಳಿದ ಮೇಲೆ ಉತ್ತರ ಬರುವ ತನಕ ಕಾಯಬೇಕು. ಹಾಗೆ ಕೇಳಿಸಿಕೊಂಡವಳಿಗೆ ಮಾತ್ರ ಇನ್ನೊಬ್ಬರ ಅಳು ಅವರದೇ ಅಳುವಾಗಿ ಕೇಳಿಸುತ್ತದೆ.

ಇದನ್ನು ಬರೆದು ಕೆಂಚಮ್ಮನಿಗೆ ಓದಿ ಹೇಳಿದೆ. ಅವಳು ನನ್ನ ಮುಖಕ್ಕೇ ಅಂದಳು: "ನೀತಿ ಚೆನ್ನಾಗೈತೆ ದೊಡ್ಡವ್ವಾ. ನಾನು ಕೇಳಿದ್ದಕ್ಕೆ ಮಾತ್ರ ನೀನಿನ್ನೂ ಉತ್ತರ ಕೊಟ್ಟಿಲ್ಲ. ಇರಲಿ. ಕಾಯ್ತೀನಿ."